ಫಿಯಟ್ 124 ಸ್ಪೈಡರ್‌ಗೆ ಇಸಿಯು, ಹೊಸ ವೈರಿಂಗ್, 3.9 ಕ್ರೌನ್ ಪಿನಿಯನ್: ಭೋಸರಿ ವರ್ಕ್‌ಶಾಪ್ ರಿವ್ಯೂ

ಮೊದಲೇ ಹೇಳಿಬಿಡ್ತೀನಿ, ಕೆಲಸ ಬಹಳ ಚೆನ್ನಾಗಿ ಮಾಡಿದಾರೆ, ಹೇಳಿದ ಟೈಮ್‌ಗೆ ಕೊಡೋ ವಿಷಯದಲ್ಲಿ ಮಾತ್ರ ಅವರನ್ನ ನಂಬ್ಕೊಂಡು ಕೂರಬೇಡಿ. ಪುಣೆ ಮುಂಬೈ ಕಡೆ ಹಳೇ ಇಟಾಲಿಯನ್ ಓಪನ್ ಟಾಪ್ ಗಾಡಿ ಇಟ್ಟುಕೊಂಡು, ಇದನ್ನ ಭಾನುವಾರ ಒರೆಸಿ ಕವರ್ ಹಾಕೋದಷ್ಟೇನಾ ಅಥವಾ ನಿಜವಾಗ್ಲೂ ಓಡಿಸಬಹುದಾ, ಓಡಿಸೋ ಹಾಗೆ ಮಾಡಕ್ಕೆ ಹೋದ್ರೆ ಗಾಡಿಯ ಜೀವಾನೇ ಹೋಗಿಬಿಡತ್ತಾ ಅಂತ ಯೋಚಿಸ್ತಿರೋ ನಮ್ಮ ಕನ್ನಡದವರು ಯಾರಾದ್ರೂ ಇದ್ರೆ ಅವರಿಗೆ ಉಪಯೋಗ ಆಗ್ಲಿ ಅಂತ ಸ್ವಲ್ಪ ಉದ್ದಕ್ಕೇ ಬರೀತಿದೀನಿ. ವರ್ಕ್‌ಶಾಪ್ ಹೆಸರು ಹಾಕ್ತಿಲ್ಲ, ಅವರೇ ಬೇಡ ಅಂದಿದಾರೆ, ಒಂದ್ಸಲಕ್ಕೆ ಎರಡೇ ಗಾಡಿ ತಗೊಳ್ಳೋದು, ಈಗಾಗ್ಲೇ ಕೈತುಂಬ ಕೆಲಸ ಇದೆ. ಪುಣೆ ಹತ್ರ ಭೋಸರಿ ಎಂಐಡಿಸಿ ಇಂಡಸ್ಟ್ರಿಯಲ್ ಏರಿಯಾ ಒಳಗಿನ ಶೆಡ್, ಬೋರ್ಡ್ ಇಲ್ಲ, ಪಕ್ಕದಲ್ಲೇ ಅವರ ಪರಿಚಯದವರ ಲೇಥ್ ಮತ್ತೆ ವಿಎಂಸಿ (ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕಡಿಯೋ) ಮಷೀನ್ ಇದೆ. ಹಳೇ ಗಾಡಿ ಗ್ರೂಪ್‌ಗಳಲ್ಲಿ ಕೇಳಿದ್ರೆ ಗೊತ್ತಾಗತ್ತೆ.

ಗಾಡಿ ನಮ್ಮ ಮಾವನವರದ್ದು. ಫಿಯಟ್ 124 ಸ್ಪೋರ್ಟ್ ಸ್ಪೈಡರ್, 1974ರ ಮಾಡೆಲ್, 1756 ಸಿಸಿ ಟ್ವಿನ್ ಕ್ಯಾಮ್. ಎಂಬತ್ತರ ದಶಕದಲ್ಲಿ ಮುಂಬೈಲಿ ಕೆಲಸ ಮಾಡ್ತಿದ್ದಾಗ ತಗೊಂಡಿದ್ದು, ಆಮೇಲೆ ಪುಣೆಗೆ ಬಂದ್ಮೇಲೂ ಮಾರ್ಲಿಲ್ಲ. ಲೆಫ್ಟ್ ಹ್ಯಾಂಡ್ ಸ್ಟೀರಿಂಗು, ಯಾಕಂದ್ರೆ ಫಿಯಟ್‌ನವರು ಈ ಸ್ಪೈಡರ್‌ನ ರೈಟ್ ಹ್ಯಾಂಡಲ್ಲಿ ಮಾಡಲೇ ಇಲ್ಲ.

ಈ ಗಾಡಿ ಬಗ್ಗೆ ಸ್ವಲ್ಪ ಹೇಳ್ಬೇಕು, ಇಲ್ದಿದ್ರೆ ಮುಂದಿನದ್ದು ಅರ್ಥ ಆಗಲ್ಲ. 1966ರಲ್ಲಿ ಟ್ಯೂರಿನ್ ಶೋನಲ್ಲಿ ತೋರಿಸಿದ್ದು, ಡಿಸೈನ್ ಪಿನಿನ್‌ಫರೀನಾ, ಅಲ್ಲಿ ಇದನ್ನ ಬರೆದೋರು ಟಾಮ್ ಚಾರ್ಡಾ ಅನ್ನೋ ಅಮೆರಿಕದವರು. ಎಂಜಿನ್ ಔರೇಲಿಯೊ ಲ್ಯಾಂಪ್ರೆಡಿ ಅವರದ್ದು, ಫಿಯಟ್‌ಗೆ ಬರೋಕ್ಕೆ ಮುಂಚೆ ಫೆರಾರಿಗೆ ಎಂಜಿನ್ ಮಾಡಿದ್ದವರು, ಇದೇ ಎಂಜಿನ್ ಕುಟುಂಬ ಮುಂದೆ ಲ್ಯಾನ್ಸಿಯಾ ಡೆಲ್ಟಾ ಇಂಟೆಗ್ರಾಲೆವರೆಗೂ ಬಂತು. ಟ್ವಿನ್ ಕ್ಯಾಮ್‌ಗೆ ರಬ್ಬರ್ ಟೈಮಿಂಗ್ ಬೆಲ್ಟ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಐದು ಗೇರು, ಇದೆಲ್ಲ ಅರವತ್ತರ ದಶಕದಲ್ಲೇ. ನಮ್ಮಲ್ಲಿ 1985ರಲ್ಲಿ ಪ್ರೀಮಿಯರ್ 118 ಎನ್‌ಇ ಬಂತಲ್ಲ, ಬಾಡಿ ಇದೇ 124ರ ಸೆಡಾನಿಂದು, ಒಳಗೆ ನಿಸ್ಸಾನಿಂದು 1171 ಸಿಸಿ ಎಂಜಿನ್. ಹಂಗಾಗಿ ಪುಣೆಯ ಹಳೇ ಮೆಕ್ಯಾನಿಕ್‌ಗಳು ಈ ಗಾಡಿ ಕೆಳಗೆ ಬಗ್ಗಿ ನೋಡಿದ ತಕ್ಷಣ "ಅರೆ ಇದು ನಮ್ಮ ಒನ್ ಎಯ್ಟೀನ್ ಕುಟುಂಬ" ಅಂತಾರೆ.

ನಾನು ಹೇಳಕ್ಕೆ ಹೊರಟಿರೋದು ಏನಂದ್ರೆ, ಈ ಗಾಡಿಯ ಕಬ್ಬಿಣದ ಭಾಗದಲ್ಲಿ ಹಳತಾಗಿರೋದು ಕಮ್ಮಿ. ಎಂಜಿನ್ ಇವತ್ತಿಗೂ ಖುಷಿ ಕೊಡತ್ತೆ, ಬ್ರೇಕ್ ಹಿಡಿಯತ್ತೆ, ಹುಡ್ (ತಲೆ ಮೇಲಿನ ಕ್ಯಾನ್ವಾಸ್ ಟಾಪು) ಅಂತೂ ಸೀಟಲ್ಲಿ ಕೂತ್ಕೊಂಡೇ ಒಂದು ಕೈಲಿ ಹಿಂದಕ್ಕೆ ಮಡಚಬಹುದು. ಹಳತಾಗಿರೋದು ವೈರು, ಕರೆಂಟು, ಎಂಜಿನ್‌ಗೆ ಪೆಟ್ರೋಲ್ ಕೊಡೋ ಪದ್ಧತಿ. ಇದನ್ನ ಅರ್ಥ ಮಾಡಿಕೊಂಡ ಗ್ಯಾರೇಜ್ ಸಿಗೋದೇ ಕಷ್ಟ. ಇದಕ್ಕೆ ಮುಂಚೆ ಕೇಳಿದ ಜಾಗದಲ್ಲಿ ಒಬ್ರು ಎಂಜಿನ್ ಕಿತ್ತು ಹೊಸ ಜಪಾನಿ ಎಂಜಿನ್ ಕೂರಿಸ್ತೀನಿ ಅಂದ್ರು, ಇನ್ನೊಬ್ರು ಬ್ಯಾಟರಿ ಹಾಕಿ ಎಲೆಕ್ಟ್ರಿಕ್ ಮಾಡಿಕೊಡ್ತೀನಿ ಅಂದ್ರು. ಲ್ಯಾಂಪ್ರೆಡಿ ಎಂಜಿನ್ ತೆಗೆದ ಸ್ಪೈಡರ್‌ನಲ್ಲಿ ಉಳಿಯೋದು ಬಾಡಿ ಶೇಪ್ ಒಂದೇ, ಅದು ನನಗೂ ಬೇಡ, ಮಾವನಿಗಂತೂ ಆ ಮಾತು ಕೇಳೋದೇ ಬೇಡವಾಗಿತ್ತು.

ಭೋಸರಿಯವರು ಗಾಡಿ ನೋಡೋ ಮುಂಚೆ ಆರ್‌ಸಿ ಕೇಳಿದ್ರು. ಇದು ನನಗೆ ಮೊದಲ ದಿನಾನೇ ಹಿಡಿಸ್ತು. ಮಾಲೀಕರು ಮರಾಠಿಯವರು, ನಿಧಾನಕ್ಕೆ ಮಾತಾಡೋ ಮನುಷ್ಯ, ಕೂರಿಸಿಕೊಂಡು ವಿವರವಾಗಿ ಹೇಳಿದ್ರು. 2021ರಲ್ಲಿ ಬಂದ ವಿಂಟೇಜ್ ರೂಲ್ಸ್ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಎ ಸೀರೀಸ್ ನಂಬರ್ ಸಿಗತ್ತೆ, ಆದ್ರೆ ಗಾಡಿ ಮೂಲ ರೂಪದಲ್ಲೇ ಇರ್ಬೇಕು, ಚಾಸಿ ಬಾಡಿ ಎಂಜಿನ್‌ಗೆ ದೊಡ್ಡ ಬದಲಾವಣೆ ಆಗಿರಬಾರದು, ಮತ್ತೆ ರ‍್ಯಾಲಿ ಎಕ್ಸಿಬಿಷನ್ನು ಪೆಟ್ರೋಲು ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನಾ ಓಡ್ಸೋ ಹಾಗಿಲ್ಲ. ನಿಮಗೆ ಆ ನಂಬರ್ ಬೇಕಾ ಓಡ್ಸೋದು ಬೇಕಾ ಅಂತ ನೇರವಾಗಿ ಕೇಳಿದ್ರು. ಮಾವ ಓಡ್ಸೋದು ಅಂದ್ರು. ಸರಿ, ಹಂಗಾದ್ರೆ ಮಾಮೂಲಿ ರಿಜಿಸ್ಟ್ರೇಶನ್‌ನಲ್ಲೇ ಇರ್ಲಿ, ಆದ್ರೆ ಮೋಟಾರ್ ವೆಹಿಕಲ್ ಆಕ್ಟ್ ಸೆಕ್ಷನ್ 52 ಇದೆ, 2019ರ ಸುಪ್ರೀಂ ಕೋರ್ಟ್ ತೀರ್ಪಿದೆ, ಎಂಜಿನ್ ನಂಬರ್, ಇಂಧನ, ಬಾಡಿ, ಆರ್‌ಸಿಯಲ್ಲಿ ಬರೆದಿರೋದು ಯಾವುದನ್ನೂ ನಾನು ಮುಟ್ಟಲ್ಲ, ಕೊರೆಯಲ್ಲ, ವೆಲ್ಡ್ ಮಾಡಲ್ಲ, ಹಾಕಿದ್ದೆಲ್ಲ ಬೋಲ್ಟ್ ಬಿಚ್ಚಿ ವಾಪಸ್ ತೆಗೆಯೋ ಹಾಗೆ ಹಾಕ್ತೀನಿ ಅಂತ ಹೇಳಿ ಅದನ್ನ ಎಸ್ಟಿಮೇಟ್‌ನಲ್ಲೂ ಬರೆದುಕೊಟ್ರು.

ವೈರಿಂಗು, ಇಸಿಯು (ಎಂಜಿನ್‌ಗೆ ಎಷ್ಟು ಪೆಟ್ರೋಲ್ ಕೊಡ್ಬೇಕು ಅಂತ ಲೆಕ್ಕ ಹಾಕೋ ಕಂಪ್ಯೂಟರು), ಹೀಗೆ ಎಲೆಕ್ಟ್ರಾನಿಕ್ಸ್ ಪೂರ್ತಿ ನೋಡಿಕೊಳ್ಳೋದು ಬೆಳಗಾವಿ ಹುಡುಗ. ಅಚ್ಚ ಕನ್ನಡ. ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ ಟಾರ್ಚ್ ಬಿಟ್ಟು ನೋಡಿದವನು ಹೊರಗೆ ಬಂದು ಹೇಳಿದ ಮೊದಲ ಮಾತು, "ಕಾಕಾ, ಇಸಿಯು ಆಮ್ಯಾಲ ನೋಡೂಣ್ರಿ, ಮೊದ್ಲ ಈ ವೈರಿಂಗ್ ಪೂರಾ ಹೊಸಾದು ಮಾಡಬೇಕ್ರಿ, ಇದರ ಮ್ಯಾಲ ಏನ್ ಕುಂಡ್ರಿಸಿದ್ರೂ ನಿಂದ್ರಂಗಿಲ್ಲ."

ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಈ ಗಾಡಿಯಲ್ಲಿ ಹೆಡ್‌ಲೈಟ್ ಕರೆಂಟು ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್ಚು) ಇಲ್ದೆ ಸೀದಾ ಸ್ವಿಚ್ ಮೂಲಕನೇ ಹೋಗತ್ತೆ, ಇಗ್ನಿಷನ್ ಸ್ವಿಚ್ ಹತ್ರ ಇರೋ ಕಂದು ಬಣ್ಣದ ವೈರಿನ ಕನೆಕ್ಟರ್‌ಗಳು ಬಿಸಿಯಾಗಿ ಕರಗೋದು 124 ಓನರ್‌ಗಳಿಗೆಲ್ಲ ಗೊತ್ತಿರೋ ರೋಗ. ಫ್ಯೂಸ್‌ಗಳು ಹಳೇ ಯುರೋಪಿಯನ್ ಥರದವು, ಎರಡು ಕಡೆ ಚೂಪಾಗಿರೋವು, ಅದರ ತುದಿಗೆ ಮಳೆಗಾಲದಲ್ಲಿ ಪಾಚಿ ಬಣ್ಣದ ಕಿಲುಬು ಬರತ್ತೆ, ಬಂದ್ಮೇಲೆ ಇವತ್ತು ಹಾರ್ನ್ ಇಲ್ಲ, ನಾಳೆ ವೈಪರ್ ಇಲ್ಲ. ಲೆಫ್ಟ್ ಹ್ಯಾಂಡ್ ಗಾಡಿಗೆ ಸಿಗ್ನಲ್ ಕೊಡೋ ಸಾಧನ ಕೆಲಸ ಮಾಡ್ತಿರಲೇಬೇಕು ಅಂತ ಸೆಕ್ಷನ್ 120 ಹೇಳತ್ತೆ, ನಮ್ಮದರಲ್ಲಿ ಇಂಡಿಕೇಟರ್ ಮನಸ್ಸು ಬಂದಾಗ ಮಿನುಗ್ತಿತ್ತು. ಇವರು ಹಳೇ ಹಾರ್ನೆಸ್‌ನ (ವೈರುಗಳ ಕಟ್ಟನ್ನ) ಪೂರ್ತಿ ಹೊರಗೆ ತೆಗೆದು ಒಂದು ಪ್ಲೈವುಡ್ ಮೇಲೆ ಮೊಳೆ ಹೊಡೆದು ಹರಡಿ, ಅದೇ ಉದ್ದ, ಫಿಯಟ್‌ನ ಅದೇ ಬಣ್ಣಗಳಲ್ಲಿ ಹೊಸದು ಕಟ್ಟಿದ್ರು. ಹೆಡ್‌ಲೈಟು, ಫ್ಯಾನು, ಪೆಟ್ರೋಲ್ ಪಂಪು, ಹಾರ್ನು ಎಲ್ಲಕ್ಕೂ ಬೇರೆ ಬೇರೆ ರಿಲೇ, ಬ್ಲೇಡ್ ಫ್ಯೂಸು, ಬ್ಯಾಟರಿಯಿಂದ ಬಾಡಿಗೆ ಮತ್ತೆ ಬಾಡಿಯಿಂದ ಎಂಜಿನ್‌ಗೆ ದಪ್ಪ ಅರ್ಥ್ ಪಟ್ಟಿ. ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗಡೆ ಯಾವ ಫ್ಯೂಸ್ ಯಾವುದಕ್ಕೆ ಅಂತ ಕನ್ನಡದಲ್ಲಿ ಬರೆದು ಲ್ಯಾಮಿನೇಟ್ ಮಾಡಿ ಅಂಟಿಸಿದಾನೆ, ಮಾವನಿಗೋಸ್ಕರ, ನಾವ್ಯಾರೂ ಕೇಳಿರ್ಲಿಲ್ಲ. ಇಡೀ ಕೆಲಸದಲ್ಲಿ ನಿಮ್ಮ ಹತ್ರ ಒಂದಕ್ಕೇ ದುಡ್ಡಿದ್ರೆ ವೈರಿಂಗ್ ಒಂದೇ ಮಾಡಿಸಿ, ಬೇರೇನೂ ಬೇಡ. ಗಾಡಿಯ ಅರ್ಧ ಕಾಯಿಲೆ ಅಲ್ಲೇ ವಾಸಿಯಾಯ್ತು, ಹೆಡ್‌ಲೈಟ್ ಬೆಳಕು ನೋಡಿ ಬಲ್ಬ್ ಬದಲಾಯಿಸಿದ್ರಾ ಅಂತ ನಾನೇ ಕೇಳಿದೆ, ಹಳೇ ಬಲ್ಬೇ.

ಆಮೇಲೆ ಪೆಟ್ರೋಲ್ ವಿಷಯ, ಇದು ಹಳೇ ಗಾಡಿ ಇರೋ ಪ್ರತಿಯೊಬ್ಬರೂ ತಿಳ್ಕೋಬೇಕಾದ್ದು. ಈಗ ಬಂಕಲ್ಲಿ ಸಿಗೋದು ಇ20, 20% ಎಥನಾಲ್. ಮಾಮೂಲಿ ಪೆಟ್ರೋಲ್ ಪೂರ್ತಿ ಉರಿಯಕ್ಕೆ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು, ಇ20ಗೆ 13.5ರ ಹತ್ರ ಸಾಕು. ಅಂದ್ರೆ ಅದೇ ಗಾಳಿಗೆ ಜಾಸ್ತಿ ಇಂಧನ ಕೊಡ್ಬೇಕು, ಆದ್ರೆ 1974ರ ವೆಬರ್ ಕಾರ್ಬ್ಯುರೇಟರ್‌ಗೆ ಇದೇನು ಗೊತ್ತು, ಅದರ ಜೆಟ್ ತೂತು ಅಷ್ಟೇ ಇದೆ, ಹಂಗಾಗಿ ಎಂಜಿನ್ ಲೀನ್ ಓಡತ್ತೆ, ಅಂದ್ರೆ ಗಾಳಿಗೆ ತಕ್ಕಷ್ಟು ಇಂಧನ ಸಿಗಲ್ಲ, ಬಿಸಿಯಾಗತ್ತೆ, ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ತಡವರಿಸತ್ತೆ. ಜೆಟ್ ದೊಡ್ಡದು ಹಾಕಿ ಕಾರ್ಬ್ಯುರೇಟರ್‌ನಲ್ಲೇ ಮುಂದುವರಿಯಬಹುದು, ಅದೂ ಸರಿಯಾದ ದಾರೀನೇ, ಮಾಲೀಕರು ಅದನ್ನೂ ಹೇಳಿದ್ರು. ಎಥನಾಲ್ ಹಳೇ ರಬ್ಬರ್ ಪೈಪನ್ನ ತಿನ್ನತ್ತೆ, ಗಾಳಿಯಿಂದ ನೀರು ಹೀರಿಕೊಂಡು ಟ್ಯಾಂಕ್ ತಳಕ್ಕೆ ತುಕ್ಕು ತರತ್ತೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿ ನಿಲ್ಲಿಸಿ ಇಡೋರಿಗಂತೂ ಇದು ದೊಡ್ಡ ತಲೆನೋವು. ನಮ್ಮ ಗಾಡಿಯ ಹಳೇ ಪೈಪನ್ನ ಮಾಲೀಕರು ಕೈಲಿ ಬಗ್ಗಿಸಿ ತೋರಿಸಿದ್ರು, ಬಿರುಕು ಬಿಟ್ಟು ಒಳಗಿನ ದಾರ ಕಾಣ್ತಿತ್ತು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕೋಕೆ ಎಷ್ಟು ಹೊತ್ತು. ನೀವು ಬೇರೆ ಏನೂ ಮಾಡಿಸ್ದೆ ಇದ್ರೂ ಪೈಪ್‌ಗಳನ್ನ ಎಥನಾಲ್ ತಡೆಯೋ ವೈಟಾನ್ ಒಳಪದರದ್ದಕ್ಕೆ ಈ ವಾರನೇ ಬದಲಾಯಿಸಿ.

ನಾವು ಕಾರ್ಬ್ಯುರೇಟರ್ ಬಿಟ್ಟು ಇಂಜೆಕ್ಷನ್ (ಇಸಿಯು ಹೇಳಿದಷ್ಟು ಪೆಟ್ರೋಲನ್ನ ಎಂಜಿನ್‌ಗೆ ಚಿಮ್ಮಿಸೋ ಪದ್ಧತಿ) ಹಾಕಿಸಿದ್ವಿ. ಅದಕ್ಕೆ ಇವರು ಬಳಸಿದ್ದು ಸ್ಪೀಡುಯಿನೋ, ಆರ್ಡುಯಿನೋ ಮೆಗಾ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಮೇಲೆ ಓಡೋ ಓಪನ್ ಸೋರ್ಸ್ ಇಸಿಯು. ರೆಡಿಮೇಡ್ ದೊಡ್ಡ ಕಂಪನಿಯದ್ದು ಯಾಕೆ ಬೇಡ ಅಂತ ಕೇಳಿದ್ದಕ್ಕೆ ಹುಡುಗ ಹೇಳಿದ್ದು, ಇದರ ಸರ್ಕ್ಯೂಟು ಪ್ರೋಗ್ರಾಂ ಎಲ್ಲ ತೆರೆದಿದೆ, ನಾಳೆ ನಾವು ಇಲ್ದಿದ್ರೂ ಇನ್ಯಾರಾದ್ರೂ ರಿಪೇರಿ ಮಾಡಬಹುದು, ಐವತ್ತು ವರ್ಷದ ಗಾಡಿಗೆ ಹತ್ತು ವರ್ಷಕ್ಕೆ ನಿಂತುಹೋಗೋ ಡಬ್ಬಿ ಹಾಕಬಾರದು ಅಂತ. ಈ ಒಂದು ಯೋಚನೆಗೇ ನಾನು ಅವನಿಗೆ ಫುಲ್ ಮಾರ್ಕ್ಸ್ ಕೊಡ್ತೀನಿ. ಕ್ರ್ಯಾಂಕ್ ಪುಲ್ಲಿ ಮೇಲೆ 36 ಹಲ್ಲಿನ ಜಾಗದಲ್ಲಿ ಒಂದು ಹಲ್ಲು ಬಿಟ್ಟಿರೋ ಚಕ್ರ, ಲೇಸರ್ ಕಟಿಂಗ್ ಮಾಡಿಸಿದ್ದು, ಪಕ್ಕದಲ್ಲಿ ಸೆನ್ಸರ್, ಅದರ ಬ್ರ್ಯಾಕೆಟ್ ಪಕ್ಕದ ಶೆಡ್‌ನಲ್ಲೇ ಮಷೀನಿಂಗ್ ಆಗಿದ್ದು. ಹಲ್ಲು ಹಲ್ಲಿಗೂ 10 ಡಿಗ್ರಿ, ಖಾಲಿ ಜಾಗ ಬಂದಾಗ ಕ್ರ್ಯಾಂಕ್ ಎಲ್ಲಿದೆ ಅಂತ ಇಸಿಯುಗೆ ಗೊತ್ತಾಗತ್ತೆ. ಸೈಲೆನ್ಸರ್ ಪೈಪಲ್ಲಿ ಬಾಷ್ ವೈಡ್‌ಬ್ಯಾಂಡ್ ಸೆನ್ಸರ್, ಅದು ಮಿಶ್ರಣ ಸರಿ ಇದೆಯಾ ಅಂತ ನೋಡ್ತಾ ಇರತ್ತೆ, ಬಂಕಲ್ಲಿ ಯಾವ ಪೆಟ್ರೋಲ್ ಹಾಕಿದ್ರೂ ಅದಕ್ಕೆ ತಕ್ಕ ಹಾಗೆ ಇಸಿಯು ಸರಿಮಾಡ್ಕೊಳ್ಳತ್ತೆ. ಡಿಸ್ಟ್ರಿಬ್ಯೂಟರ್ ಅಲ್ಲೇ ಇದೆ, ಅದರೊಳಗಿನ ಪಾಯಿಂಟ್‌ಗೆ (ಕಿಡಿ ಬರಕ್ಕೆ ಕರೆಂಟ್ ಕಟ್ ಮಾಡ್ತಿದ್ದ ಹಳೇ ಸ್ವಿಚ್ಚು) ಮಾತ್ರ ಈಗ ಕೆಲಸ ಇಲ್ಲ. ಗಾಡಿಗೆ ಅಪಘಾತ ಆದ್ರೆ ಕಟ್ ಆಗೋ ಸ್ವಿಚ್‌ನ ಪೆಟ್ರೋಲ್ ಪಂಪ್‌ಗೆ ಹಾಕಿದಾರೆ, ಎಂಜಿನ್ ನಿಂತ್ರೂ ಪಂಪ್ ನಿಲ್ಲತ್ತೆ, ಇದನ್ನ ನಾನು ಕೇಳೋ ಮುಂಚೆನೇ ಅವರು ಎಸ್ಟಿಮೇಟ್‌ನಲ್ಲಿ ಹಾಕಿದ್ರು.

ಟ್ಯೂನಿಂಗ್ ಲ್ಯಾಪ್‌ಟಾಪ್ ಹಿಡ್ಕೊಂಡು ಬೆಳ್ಳಂಬೆಳಗ್ಗೆ ತಳೇಗಾಂವ್ ಕಡೆ ರಸ್ತೆಯಲ್ಲಿ. ಓಡ್ಸೋರು ಮಾಲೀಕರು, ಪಕ್ಕದಲ್ಲಿ ಹುಡುಗ, ಒಂದೆರಡು ಸಲ ನಾನೂ ಓಡಿಸಿದೆ. ಚೋಕ್ ಎಳೆಯೋದು ಕಾಯೋದು ಏನಿಲ್ಲ, ಈಗ ಕೀ ತಿರುಗಿಸಿದ್ರೆ ಸ್ಟಾರ್ಟ್, ವಾಕಡ್ ಹಿಂಜೆವಾಡಿ ಸಂಜೆ ಟ್ರಾಫಿಕ್‌ನಲ್ಲೂ ಟೆಂಪರೇಚರ್ ಮುಳ್ಳು ಜಾಗ ಬಿಟ್ಟು ಅಲ್ಲಾಡಲ್ಲ. ಸೌಂಡ್ ಹೇಗಿದೆ ಅಂತ ಎಲ್ರೂ ಕೇಳ್ತಾರೆ. ಎಂಜಿನ್‌ದು ಅದೇ ಸೌಂಡು, ವೆಬರ್ ಗಾಳಿ ಎಳೆಯೋವಾಗ ಬರ್ತಿದ್ದ ಆ ಗೊರ ಗೊರ ಮಾತ್ರ ಕಮ್ಮಿಯಾಗಿದೆ, ನನಗೆ ಅದು ಬೇಕಿತ್ತು ಅನ್ಸತ್ತೆ, ಸುಳ್ಳು ಹೇಳಲ್ಲ.

ಮೀಟರ್‌ಗಳ ಬಗ್ಗೆ ಪ್ರತ್ಯೇಕ ಹೇಳ್ಬೇಕು. ಡ್ಯಾಶ್‌ಬೋರ್ಡಿನ ಒರಿಜಿನಲ್ ವೆಗ್ಲಿಯಾ ಕಂಪನಿ ಮೀಟರ್‌ಗಳನ್ನ ಹಾಗೇ ಉಳಿಸಿದಾರೆ, ಬೇರೆಯವರು ಟಚ್ ಸ್ಕ್ರೀನ್ ಹಾಕಿ ಅಂತ ಒತ್ತಾಯ ಮಾಡಿದ್ರು, ಇವರು ಆ ಮಾತೇ ಎತ್ತಲಿಲ್ಲ. ತೊಂದರೆ ಏನಂದ್ರೆ ಹಳೇ ಆರ್‌ಪಿಎಂ ಮೀಟರ್‌ಗೆ ಇಗ್ನಿಷನ್ ಕಾಯಿಲ್‌ನಿಂದ ಬರೋ ದೊಡ್ಡ ವೋಲ್ಟೇಜ್ ಏಟು ಬೇಕು, ಇಸಿಯು ಕೊಡೋ 12 ವೋಲ್ಟ್ ಸಿಗ್ನಲ್‌ಗೆ ನಮ್ಮ ಮುಳ್ಳು ಏಳಲೇ ಇಲ್ಲ. ಹುಡುಗ ಒಂದು ಸಣ್ಣ ರಿಲೇಯ ಸುರುಳಿ ಬಳಸಿದ, ಸುರುಳಿಗೆ ಕರೆಂಟ್ ಕಟ್ ಆದಾಗ ಅದು ತಾನೇ ಒಂದು ಏಟು ವೋಲ್ಟೇಜ್ ಎಬ್ಬಿಸತ್ತಲ್ಲ, ಅದನ್ನೇ ಮೀಟರ್‌ಗೆ ಕೊಟ್ಟ, ಮುಳ್ಳು ಸರಸರ ಎದ್ದು ನಿಂತಿತು. ಬೆಂಕಿಪೊಟ್ಟಣದಷ್ಟು ಡಬ್ಬಿ, ನೂರಿನ್ನೂರು ರೂಪಾಯಿ ಸಾಮಾನು. ಅದನ್ನ ನೋಡಿ ಮಾವ ಅವನ ಬೆನ್ನು ತಟ್ಟಿದ್ರು.

ಡ್ರೈವ್‌ಟ್ರೈನ್‌ಗೆ ಬರೋಣ. ನಮ್ಮ ಗಾಡಿಯಲ್ಲಿ ಇದ್ದದ್ದು 4.3 ಕ್ರೌನ್ ಪಿನಿಯನ್, ಅಂದ್ರೆ ಹಿಂದಿನ ಆಕ್ಸಲ್‌ನ ಗೇರ್ ಜೋಡಿ, ಶಾಫ್ಟ್ 4.3 ಸುತ್ತು ತಿರುಗಿದ್ರೆ ಚಕ್ರ ಒಂದು ಸುತ್ತು. ಊರೊಳಗೆ ಚುರುಕು, ಹೈವೇಗೆ ಹೋದ್ರೆ ಐದನೇ ಗೇರಲ್ಲೂ ಎಂಜಿನ್ ಕೂಗ್ತಾನೇ ಇರತ್ತೆ, ಹುಡ್ ತೆಗೆದು ಓಡಿಸಿದ್ರೆ ಪಕ್ಕದಲ್ಲಿರೋರ ಜೊತೆ ಕಿರುಚಿ ಮಾತಾಡ್ಬೇಕು. 3.9 ಹಾಕಿದ್ರು, ಯುರೋಪಿಂದ ತರಿಸಿದ್ದು. ರಷ್ಯಾದ ಲಾಡಾ ಇದೇ 124ರಿಂದ ಹುಟ್ಟಿದ್ದರಿಂದ ಈ ಕುಟುಂಬದ ಪಾರ್ಟ್‌ಗಳು ಅಲ್ಲಿ ಇನ್ನೂ ಸಿಗ್ತವೆ, ಇದು ನಮ್ಮ ಪುಣ್ಯ. ಈಗ ಗಂಟೆಗೆ ನೂರು ಕಿಮೀ ಸ್ಪೀಡಲ್ಲಿ ಸುಮಾರು 300 ಆರ್‌ಪಿಎಂ ಕಮ್ಮಿ. ಕೇಳಕ್ಕೆ ಚಿಕ್ಕದು, ಸಾತಾರಾವರೆಗೆ ಓಡಿಸಿದ್ರೆ ಕಿವಿಗೆ ಗೊತ್ತಾಗತ್ತೆ. ಆದ್ರೆ ಒಂದು ಲೆಕ್ಕ ಇದೆ, ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸ್‌ನಿಂದ ಬರತ್ತೆ, ಹಿಂದೆ ಕ್ರೌನ್ ಬದಲಾದ್ರೆ ಅದಕ್ಕೆ ಗೊತ್ತಾಗಲ್ಲ, ಗಾಡಿ ನೂರರಲ್ಲಿದ್ರೆ ಮೀಟರ್ 91 ತೋರಿಸತ್ತೆ. ಹಾಗೆ ಬಿಟ್ಟು ಕಳಿಸೋರೇ ಜಾಸ್ತಿ. ಇವರು ಕೇಬಲ್ ಮಧ್ಯೆ ಒಂದು ಚಿಕ್ಕ ಗೇರ್ ಡಬ್ಬಿ ಮಾಡಿಸಿ ಹಾಕಿದ್ರು, 43 ಹಲ್ಲಿಂದು ಒಂದು 39 ಹಲ್ಲಿಂದು ಒಂದು, ನಡುವೆ ಒಂದು ಐಡ್ಲರ್, ಇಲ್ದಿದ್ರೆ ಕೇಬಲ್ ಉಲ್ಟಾ ತಿರುಗತ್ತೆ. ಜಿಪಿಎಸ್ ಜೊತೆ ಹೋಲಿಸಿ ನೋಡಿದೆ, ಸರಿಯಾಗಿದೆ. ಭೋಸರಿ ಅಂದ್ರೆ ಇದೇ, ಚಿತ್ರ ಬರೆದುಕೊಟ್ರೆ ಪಕ್ಕದ ಶೆಡ್‌ನವರು ಗೇರ್ ಕಡಿದು ಕೈಗೆ ಕೊಡ್ತಾರೆ. ಪ್ರೊಪೆಲ್ಲರ್ ಶಾಫ್ಟ್‌ನ ರಬ್ಬರ್ ಕಪ್ಲಿಂಗು, ಸೆಂಟರ್ ಬೇರಿಂಗು, ಯುಜೆ ಕ್ರಾಸು (ಶಾಫ್ಟ್‌ನ ಕೀಲು) ಹೊಸದು, ಶಾಫ್ಟ್ ಬ್ಯಾಲೆನ್ಸಿಂಗ್ ಮಾಡಿಸಿದ್ರು, ಅರವತ್ತು ಎಪ್ಪತ್ತರ ನಡುವೆ ಸೀಟ್ ಕೆಳಗೆ ಬರ್ತಿದ್ದ ನಡುಕ ನಿಂತಿತು.

ಊರು ಬಿಟ್ಟು ಹೋಗದೇ ಇರೋರಿಗೆ 3.9 ಬೇಡ ಅಂತೀನಿ. ತಾಮ್ಹಿಣಿ ಘಾಟ್‌ನಲ್ಲಿ ಮೊದಲು ಮೂರನೇ ಗೇರಲ್ಲಿ ಹತ್ತುತ್ತಿದ್ದ ತಿರುವುಗಳಲ್ಲಿ ಈಗ ಎರಡನೇದಕ್ಕೆ ಇಳಿಸಬೇಕು, ಮೊದಲ ಗೇರಲ್ಲಿ ಸಿಗ್ನಲ್ ಬಿಟ್ಟು ಹೊರಡೋವಾಗ ಕ್ಲಚ್ ಸ್ವಲ್ಪ ಜಾಸ್ತಿ ಹಿಡಿಬೇಕು. ಮಾವನಿಗೆ ಈ ಬದಲಾವಣೆ ಅಷ್ಟಾಗಿ ಇಷ್ಟ ಆಗಿಲ್ಲ. ಹಳೇ ಕ್ರೌನ್ ಪಿನಿಯನ್ ಎಣ್ಣೆ ಹಚ್ಚಿ ಸುತ್ತಿ ಕೊಟ್ಟಿದಾರೆ, ಬೇಕಂದ್ರೆ ವಾಪಸ್ ಹಾಕಿಸಬಹುದು. ಬಿಚ್ಚಿದ ಪ್ರತಿಯೊಂದು ಪಾರ್ಟೂ ಹಂಗೇ, ವೆಬರ್ ಸಮೇತ, ಚೀಟಿ ಕಟ್ಟಿ ಕ್ರೇಟ್‌ನಲ್ಲಿ ಬಂತು, ಜೊತೆಗೆ ದೊಡ್ಡ ಹಾಳೇಲಿ ವೈರಿಂಗ್ ಡಯಾಗ್ರಂ ಪ್ರಿಂಟ್.

ಇನ್ನು ಬೇಜಾರಿನ ವಿಷಯ. ಗಣಪತಿಗೆ ಮುಂಚೆ ಕೊಡ್ತೀನಿ ಅಂದ ಗಾಡಿ ದಸರಾ ದಾಟಿತು. ಪುಣೆಯಲ್ಲಿ ಗಣಪತಿ ಶುರುವಾದ್ರೆ ಕೆಲಸದವರು ಸಿಗಲ್ಲ, ಅದು ನಮಗೂ ಗೊತ್ತು, ಆದ್ರೆ ಫೋನ್ ಎತ್ತದೇ ಇರೋದು ಸರಿಯಲ್ಲ. ಎಷ್ಟೋ ಸಲ ನಾನೇ ಹೋಗಿ ನಿಂತು ಏನಾಯ್ತು ಅಂತ ಕೇಳ್ಬೇಕಾಯ್ತು, ವಯಸ್ಸಾದ ಮಾವನಿಗೆ ಪ್ರತಿ ವಾರ ಮುಂದಿನ ವಾರ ಅಂತ ಹೇಳೋದು ನೋವಿನ ಕೆಲಸ. ಕೈಗೆ ಬಂದ್ಮೇಲೂ 4000 ಆರ್‌ಪಿಎಂ ಮೇಲೆ ಹೋದ್ರೆ ಮಿಸ್ ಹೊಡೀತಿತ್ತು. ವಾಪಸ್ ತಗೊಂಡು ಹೋದ್ವಿ. ಕ್ರ್ಯಾಂಕ್ ಸೆನ್ಸರ್ ವೈರಿನ ಮೇಲಿನ ಜಾಲರಿಯನ್ನ ಎರಡೂ ತುದಿಗೆ ಅರ್ಥ್ ಮಾಡಿಬಿಟ್ಟಿದ್ರು, ಹಾಗೆ ಮಾಡಿದ್ರೆ ಜಾಲರಿಯಲ್ಲೇ ಕರೆಂಟ್ ಹರಿದು ಸಿಗ್ನಲ್‌ನಲ್ಲಿ ಗಲಾಟೆ ಬರತ್ತೆ, ಇಸಿಯು ಕಡೆ ಒಂದೇ ತುದಿಗೆ ಅರ್ಥ್ ಮಾಡಬೇಕು. ಹುಡುಗ ನೋಡಿದ ತಕ್ಷಣ ಒಪ್ಪಿಕೊಂಡು ಎದುರಲ್ಲೇ ಸರಿಮಾಡಿದ, ದುಡ್ಡು ತಗೊಳ್ಲಿಲ್ಲ. ಹಿಂದೆ ಟ್ಯಾಂಕ್ ಹತ್ರ ಇರೋ ಪೆಟ್ರೋಲ್ ಪಂಪ್ ಕುಂಯ್ ಅನ್ನೋ ಸದ್ದು ಹುಡ್ ತೆಗೆದಾಗ ಸಿಗ್ನಲ್‌ನಲ್ಲಿ ಕೇಳತ್ತೆ, ಅದಕ್ಕೆ ರಬ್ಬರ್ ಮೌಂಟ್ ಹಾಕಿದ್ರೂ ಪೂರ್ತಿ ಹೋಗಿಲ್ಲ.

ಖರ್ಚು ಕಮ್ಮಿ ಅಲ್ಲ. ಪಾರ್ಟ್, ಕಸ್ಟಮ್ಸ್, ಮಷೀನಿಂಗ್, ಕೂಲಿ ಎಲ್ಲ ಸೇರಿ 5 ಲಕ್ಷ ದಾಟಿತು, ಅದರಲ್ಲಿ ದೊಡ್ಡ ಪಾಲು ವೈರಿಂಗ್ ಮತ್ತೆ ಇಸಿಯು ಕೆಲಸದ ಕೂಲಿ. ಬಿಲ್ ಪ್ರತಿ ಸಾಲೂ ಬಿಡಿಸಿ ಬರೆದಿದ್ರು, ತರಿಸಿದ ಪಾರ್ಟ್‌ಗಳ ಒರಿಜಿನಲ್ ಇನ್‌ವಾಯ್ಸ್ ಕೂಡ ಲಗತ್ತಿಸಿದ್ರು. ಈ ಮಟ್ಟದ ಕೆಲಸಕ್ಕೆ ನನಗೆ ನ್ಯಾಯವಾದ ದುಡ್ಡು ಅನ್ನಿಸ್ತು. ಈ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಹೊಸ ಗಾಡಿನೇ ಬರತ್ತಲ್ಲ ಅನ್ನೋರಿಗೆ ನಾನು ವಾದ ಮಾಡಲ್ಲ, ಹುಡ್ ತೆಗೆದು ಪಾನ್‌ಶೇತ್ ಕಡೆ ನಸುಕಲ್ಲಿ ಒಂದ್ಸಲ ಕೂರಿಸ್ಕೊಂಡು ಹೋಗ್ತೀನಿ, ಅಷ್ಟೇ.

ಹೋಗೋರು ಇದ್ರೆ ಮೊದ್ಲು ಬೇರೆ ಕಡೆ ಎಂಜಿನ್ ಕಂಪ್ರೆಷನ್ ಟೆಸ್ಟ್ ಮಾಡಿಸಿಕೊಂಡು ಹೋಗಿ, ನಾಲ್ಕು ಸಿಲಿಂಡರಲ್ಲೂ ಒತ್ತಡ ಸಮ ಇಲ್ದಿದ್ರೆ ಇಸಿಯು ಹಾಕಲ್ಲ ಅಂತ ವಾಪಸ್ ಕಳಿಸ್ತಾರೆ, ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತಾನೂ ಕೇಳ್ತಾರೆ, ಗೊತ್ತಿಲ್ಲ ಅಂದ್ರೆ ಅದನ್ನೇ ಮೊದಲು ಮಾಡ್ತಾರೆ. ಆರ್‌ಸಿ, ಇನ್ಶೂರೆನ್ಸ್ ಕಾಪಿ ಜೊತೆಗಿರ್ಲಿ. ಪೇಂಟು, ಟಿಂಕರಿಂಗು, ಹುಡ್ ಕ್ಯಾನ್ವಾಸ್ ಅವರು ಮಾಡಲ್ಲ. ನಮ್ಮ ಹುಡ್‌ನ ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿದೆ, ಪುಣೆಯಲ್ಲೋ ಮುಂಬೈಯಲ್ಲೋ ಒಳ್ಳೆ ಹುಡ್ ಹೊಲಿಯೋರು ಯಾರಾದ್ರೂ ಗೊತ್ತಿದ್ರೆ ದಯವಿಟ್ಟು ತಿಳಿಸಿ, ಮಳೆಗಾಲಕ್ಕೆ ಮುಂಚೆ ಮಾಡಿಸ್ಬೇಕು.